ಗೋವಿನಜೋಳದ ತೆನೆಗೆ ಹೊಂದುವ ಚಾಕು

ನಮ್ಮ ಕಡೆ ಹೊಲಕ್ಕೆ ಹೋಗುವುದನ್ನು ಅಡವಿಗೆ ಹೋಗುವುದು ಅನ್ನುತ್ತಾರೆ. ತಿಕೋಟಾದ ಸುತ್ತ ಅಡವಿ ಅನ್ನುವಂಥದ್ದು ಏನೂ ಇಲ್ಲ. ದ್ರಾಕ್ಷಿ ತೋಟಗಳಿವೆ, ಒಣದ್ರಾಕ್ಷಿ ಮಾಡುವ ಶೆಡ್ಡುಗಳಿವೆ, ಬದುವಿನ ಮೇಲೆ ಬೇವು, ಜಾಲಿ, ಬಾರಿ ಗಿಡಗಳಿವೆ. ಅಷ್ಟಕ್ಕೇ ಅಡವಿ ಅಂತ ಹೆಸರು. ನಮ್ಮ ಮನೆಯವರು ದಿನಾ ಬೆಳಿಗ್ಗೆ ಎಂಟ್ಹತ್ತು ಆಡು ಹೊಡೆದುಕೊಂಡು, ರೊಟ್ಟಿಯ ಗಂಟು ಹೆಗಲಿಗೆ ಹಾಕಿಕೊಂಡು, ಜೇಬಿನಲ್ಲಿ ಮಡಚುವ ಚಾಕು ಇಟ್ಟುಕೊಂಡು ಅಡವಿಗೆ ಹೋಗುತ್ತಿದ್ದರು. ಸಂಜೆ ಬರುತ್ತಿದ್ದರು. ನಡುವಿನ ಹೊತ್ತು ಮನೆ ನನ್ನದು.

ಆ ಚಾಕು ನನಗಿಂತ ಮೊದಲೇ ಆ ಮನೆಯಲ್ಲಿತ್ತು. ಕಟ್ಟಿಗೆಯ ಹಿಡಿಕೆ ಒಂದು ಬದಿ ಸೀಳಿತ್ತು, ಅದಕ್ಕೆ ತಾಮ್ರದ ತಂತಿ ಸುತ್ತಿದ್ದರು. ಆಡಿಗೆ ಸೊಪ್ಪು-ತಪ್ಪಲು ಕತ್ತರಿಸಲು ಅದೇ, ಹಗ್ಗ ಕೊಯ್ಯಲು ಅದೇ, ಗೊಬ್ಬರದ ಚೀಲದ ಬಾಯಿ ಬಿಚ್ಚಲು, ಡ್ರಿಪ್ ಪೈಪು ತುಂಡು ಮಾಡಲು, ಕಾಲಿಗೆ ನೆಟ್ಟ ಜಾಲಿಮುಳ್ಳು ತೆಗೆಯಲು, ರೊಟ್ಟಿಯ ಜೊತೆ ಉಳ್ಳಾಗಡ್ಡಿ ಹೆಚ್ಚಲು ಎಲ್ಲಕ್ಕೂ ಅದೇ. ಮುಳ್ಳು ತೆಗೆದ ಮೇಲೆ, ಉಳ್ಳಾಗಡ್ಡಿ ಹೆಚ್ಚುವ ಮೊದಲು, ಹೆಗಲ ಟವೆಲಿಗೆ ಒಮ್ಮೆ ಒರೆಸುತ್ತಿದ್ದರು. ಅದಕ್ಕಿಂತ ಹೆಚ್ಚಿನ ಸ್ವಚ್ಛತೆ ಮಡಿವಂತರಿಗೆ ಬಿಟ್ಟದ್ದು ಎಂಬುದು ಅವರ ಅಭಿಪ್ರಾಯ.

ಬೇಸಿಗೆಯಲ್ಲಿ ಒಣದ್ರಾಕ್ಷಿಯ ಬಾಕ್ಸು ಇಳಿಸುವಾಗ ಟ್ರೇಲರಿನ ಹಿಂಬಾಗಿಲು ಅವರ ಬಲಗೈ ಹೆಬ್ಬೆರಳಿನ ಮೇಲೆ ಬಿತ್ತು. ವಿಜಯಪುರದ ಡಾಕ್ಟರರು ಬೆರಳು ಉಳಿಸಿಕೊಟ್ಟರು. ಬೆರಳು ಉಳಿಯಿತು, ಮಡಚುವುದು ಬಿಟ್ಟಿತು. ತುದಿಯಲ್ಲಿ ಬಲವಿಲ್ಲ. ಅಂಗಿಯ ಗುಂಡಿ ಹಾಕಲು ಬರುವುದಿಲ್ಲ, ಚಹಾದ ಕಪ್ಪಿನ ಕಿವಿ ಹಿಡಿಯಲು ಬರುವುದಿಲ್ಲ, ಸಹಿ ಮಾಡಲು ಬರುವುದಿಲ್ಲ. ಹೆಬ್ಬೆಟ್ಟು ಒತ್ತಲು ಮಾತ್ರ ಬರುತ್ತದೆ. ಸಾಲಿ ಕಲಿತ ಮನುಷ್ಯನಿಗೆ ಅದೇನು ದೊಡ್ಡ ಸಮಾಧಾನವಲ್ಲ.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಮಳೆಗಾಲ ಶುರುವಾದ ಮೇಲೆ ಒಂದು ದಿನ ಕರಿಕಿವಿಯ ಆಡು ಬದುವಿನ ಬಾರಿ ಗಿಡಕ್ಕೆ ಮುಂಗಾಲೂರಿ ಚಿಗುರು ಮೇಯುತ್ತಿತ್ತಂತೆ. ಕೊರಳಿನ ಹಗ್ಗ ಕವಲಿನಲ್ಲಿ ಸಿಕ್ಕಿತು. ಕಾಲು ಜಾರಿತು. ಆಡು ಜೋತುಬಿತ್ತು. ಇವರು ಅಲ್ಲೇ ಪಕ್ಕದಲ್ಲಿದ್ದರು. ಜೇಬಿನಿಂದ ಚಾಕು ತೆಗೆದರು. ಮಡಚುವ ಚಾಕುವಿನ ಅಲಗಿಗೆ ಒಂದು ಸಣ್ಣ ಗೀರು ಇರುತ್ತದೆ, ಅದರಲ್ಲಿ ಹೆಬ್ಬೆರಳಿನ ಉಗುರು ಸಿಗಿಸಿ ಎಳೆಯಬೇಕು. ಬಲಗೈಯಲ್ಲಿ ಆಗಲಿಲ್ಲ. ಎಡಗೈಗೆ ಬದಲಿಸಿದರು, ಚಾಕು ಬಿತ್ತು. ಎತ್ತಿ ಹಲ್ಲಿನಿಂದ ಕಚ್ಚಿ ತೆರೆದರು. ತೆರೆಯುವ ಹೊತ್ತಿಗೆ ಆಡಿಗೆ ಅದರ ಅಗತ್ಯ ಇರಲಿಲ್ಲ.

ನನಗೆ ಇದನ್ನು ಅವರು ಒಂದೇ ಸಲ ಹೇಳಿದ್ದು. "ಬಾಯಾಗ ಚಾಕು ಕಚ್ಚಿಕೊಂಡು ನಿಂತಿದ್ದೆ. ಅದು ನನ್ನ ಮಕಾ ನೋಡಾಕತ್ತಿತ್ತು" ಅಂದರು. ಅಷ್ಟೇ.

ಮರುದಿನ ತೀರ್ಮಾನ ಹೇಳಿದರು. "ದಸರಾ ಆದ ಮ್ಯಾಲ ಎಲ್ಲಾ ಮಾರಿಬಿಡೂನು. ಕೈ ಕೆಲಸ ಮಾಡದಾಂವ ಜೀವ ಕಟ್ಟಬಾರ್ದು."

ವ್ಯಾಪಾರಿಗೆ ಫೋನೂ ಮಾಡಿದರು. ಅವನು ದಸರಾ ಮುಗಿದ ಮರುದಿನ ಬರುತ್ತೇನೆ ಅಂದ. ಆಡುಗಳನ್ನು ಅಲ್ಲಿಯವರೆಗೆ ಮನೆಯ ಮುಂದಿನ ಬೇವಿನ ಗಿಡದ ಕೆಳಗೆ ಕಟ್ಟಿ ಮೇವು ಹಾಕುವುದೆಂದಾಯಿತು. ಹೊಲವನ್ನು ಹೇಗೂ ಪಾಲಿಗೆ ಕೊಟ್ಟಿದ್ದೆವು. ಹೀಗಾಗಿ ನಮ್ಮ ಮನೆಯವರಿಗೆ ಅಡವಿಯಲ್ಲಿ ಕೆಲಸವೇ ಉಳಿಯಲಿಲ್ಲ. ಅವರು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತರು.

ಬೇರೆಯವರ ಮನೆಯಲ್ಲಿ ಹೇಗೋ ಗೊತ್ತಿಲ್ಲ. ನಾನು ಮದುವೆಯಾಗಿ ಬಂದಾಗಿನಿಂದ ಹಗಲು ಹೊತ್ತಿನಲ್ಲಿ ಆ ಹೊಸ್ತಿಲಲ್ಲಿ ಬೆಕ್ಕು ಬಿಟ್ಟರೆ ಇನ್ನಾರೂ ಕುಳಿತದ್ದು ನೋಡಿರಲಿಲ್ಲ.

"ರೊಟ್ಟಿ ತಿರುವು."

"ತಿರುವ್ತೀನ್ರಿ."

"ಆ ಬದಿ ಹತ್ತಾಕತ್ತೈತಿ."

"ಹತ್ತಲಿ. ಹತ್ತಿದ್ದು ನಾ ತಿಂತೀನಿ."

"ಜೀರಿಗಿ ಡಬ್ಬಿ ಅಲ್ಯಾಕ ಇಟ್ಟಿ? ದೊಡ್ಡದು ಹಿಂದ, ಸಣ್ಣದು ಮುಂದ ಇರಬೇಕಲ್ಲ?"

ಒಂದು ಮಧ್ಯಾಹ್ನ ನಾನು ನೀರಿಗೆ ಹೋಗಿ ಬರುವುದರೊಳಗೆ ಶೆಲ್ಫಿನ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ್ದರು. ನೋಡಲು ಚೆನ್ನಾಗಿತ್ತು. ಖಾರದಪುಡಿ ಹುಡುಕಲು ನನಗೆ ಸಂಜೆಯಾಯಿತು. ಆದರೂ ಡಬ್ಬಿಗಳನ್ನು ಹಾಗೆಯೇ ಬಿಟ್ಟೆ. ಡಬ್ಬಿ ಜೋಡಿಸಿದ ಮೇಲೆ ಅವರು ಹೊಸ್ತಿಲಿಗೆ ಮರಳಿ ಬಂದು ಕುಳಿತು, ಬೇವಿನ ಗಿಡದ ಕೆಳಗಿನ ಆಡುಗಳ ಕಡೆ ನೋಡದೆ ಗೋಡೆ ನೋಡುತ್ತಿದ್ದರು. ಅದನ್ನು ನಾನು ನೋಡಿದ್ದೆ.

ನನ್ನ ಲೆಕ್ಕ ಸರಳವಾಗಿತ್ತು. ತೆರೆಯಲು ಬರುವುದಿಲ್ಲವಾದರೆ ತೆರೆಯುವ ಕೆಲಸವೇ ಇಲ್ಲದ ಚಾಕು ಬೇಕು. ಮಡಚದ್ದು. ಸೊಂಟದಲ್ಲಿ ಒರೆಯೊಳಗಿದ್ದು, ಎಳೆದ ಕೂಡಲೇ ಕೆಲಸಕ್ಕೆ ಬರುವಂಥದ್ದು. ಕುಡಗೋಲು ಇತ್ತಲ್ಲ ಎಂದು ಕೇಳಬಹುದು. ಕುಡಗೋಲು ಜೋಳದ ದಂಟಿಗೆ ಸರಿ. ಬಿಗಿದ ಕೊರಳಿಗೂ ಹಗ್ಗಕ್ಕೂ ನಡುವೆ ಆ ಬಾಗಿದ ಅಲಗು ತೂರಿಸಿದರೆ ಹಗ್ಗದ ಜೊತೆ ಕೊರಳೂ ಬರುತ್ತದೆ. ಅದನ್ನು ಸೊಂಟಕ್ಕೆ ಸಿಗಿಸಿಕೊಂಡು ಕುಕ್ಕರಗಾಲಿನಲ್ಲಿ ಕೂರುವುದೂ ಒಳ್ಳೆಯದಲ್ಲ.

ಅವರ ತಮ್ಮ, ನನ್ನ ಮೈದುನ, ವಿಜಯಪುರದ ಇಬ್ರಾಹಿಂಪುರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ಅಂಗಡಿಯ ಪಕ್ಕದ ಹಳಿಯ ಮೇಲೆ ರೈಲು ಹೋಗುವಾಗ ಕೆಲಸ ನಿಲ್ಲಿಸಿ ಮೊಬೈಲು ನೋಡುತ್ತಾನೆ. ರೈಲು ಹೋದ ಮೇಲೂ ನೋಡುತ್ತಾನೆ. ಅವನಿಗೆ ವಿಷಯ ಹೇಳಿದೆ. ಅವನು ಒಂದು ವಿಡಿಯೋ ತೋರಿಸಿದ. ಗಡ್ಡದ ಪರದೇಶದವನೊಬ್ಬ ಕಾಡಿನಲ್ಲಿ ಒಂದೇ ಚಾಕು ಹಿಡಿದುಕೊಂಡು ಗಿಡ ಸೀಳಿ, ಬೆಂಕಿ ಮಾಡಿ, ಗುಡಿಸಲು ಹಾಕಿ, ಅದರೊಳಗೆ ಮಲಗಿದ.

"ನೋಡ್ರಿ ವೈನಿ, ಒಂದ ಚಾಕುದಾಗ ಮನಿ ಕಟ್ಟಿದ ಅಂವಾ."

"ನಮಗ ಮನಿ ಐತಿ ತಮ್ಮಾ. ಹಗ್ಗ ಕೊಯ್ಯೂದು ಬೇಕು."

"ಹಗ್ಗ ಅಂದ್ರ ಏನ್ರಿ ಇದಕ್ಕ, ಬೆಣ್ಣಿ ಇದ್ದಂಗ. ತರಸ್ತೀನಿ ಬಿಡ್ರಿ."

ತರಿಸಿದ. ಕರಿಬಣ್ಣದ್ದು, ಬೆನ್ನಿಗೆ ಗರಗಸದ ಹಲ್ಲು, ಹಿಡಿಕೆಯ ತುದಿಯಲ್ಲಿ ದಿಕ್ಕು ತೋರಿಸುವ ಮುಳ್ಳು. ಹಿಡಿಕೆ ಪೊಳ್ಳು, ಬಿಚ್ಚಿದರೆ ಒಳಗೆ ಒಂದು ಮೀನಿನ ಗಾಳ, ಎರಡು ಬೆಂಕಿಕಡ್ಡಿ. ನಮ್ಮ ಮನೆಯವರು ಅದನ್ನು ಮಂಚದ ಮೇಲೆ ಇಟ್ಟು ಸ್ವಲ್ಪ ಹೊತ್ತು ದೂರದಿಂದ ನೋಡಿದರು.

"ಇದೇನ್ ಮುಳ್ಳು?"

"ದಿಕ್ಕು ತೋರಸ್ತೈತಿ ಅಣ್ಣಾ. ಅಡವ್ಯಾಗ ದಾರಿ ತಪ್ಪಿದ್ರ."

"ನಮ್ಮ ಹೊಲದಾಗ?"

"ಹೂಂ."

"ಬಿಜಾಪುರ ಮೂಡಲಕ್ಕ ಐತಿ. ಅದನ್ನ ಇದಕ್ಕ ಹೇಳು." ಕೈಗೆತ್ತಿಕೊಂಡರು. ಪ್ಲಾಸ್ಟಿಕ್ ಹಿಡಿಕೆ ಅವರ ಅಂಗೈಯಲ್ಲಿ ಒಂದು ಸುತ್ತು ತಿರುಗಿ ನೆಲಕ್ಕೆ ಬಿತ್ತು. "ಇದನ್ನ ಸೊಂಟಕ್ಕ ಕಟಗೊಂಡು ಹೊಂಟ್ರ ಪೊಲೀಸ್ರು ನನ್ನ ಆಡಿನ ಸಮೇತ ಒಯ್ತಾರ. ಹೆಂಗೂ ಆಡು ಇರೂದಿಲ್ಲ. ಒಯ್ಯಿ."

ಮೈದುನ ಒಯ್ದ. ಈಗ ಅದರಿಂದ ಮೋಟರಿನ ಹಳೇ ತಂತಿ ಕೆರೆಯುತ್ತಾನೆ, ಬಹಳ ಚೆನ್ನಾಗಿ ಕೆರೆಯುತ್ತದೆ ಅನ್ನುತ್ತಾನೆ.

ಆ ಚಾಕು ಬಿದ್ದ ರೀತಿ ನನ್ನ ತಲೆಯಲ್ಲಿ ಉಳಿಯಿತು. ಆಮೇಲಿನಿಂದ ನಾನು ಅವರ ಕೈಯಿಂದ ಏನೇನು ಬೀಳುತ್ತದೆ ಎಂದು ನೋಡತೊಡಗಿದೆ. ಸ್ಟೀಲಿನ ಲೋಟ ಬೀಳುತ್ತದೆ. ಸೌಟು ತಿರುಗುತ್ತದೆ. ಲಟ್ಟಣಿಗೆ ನಿಲ್ಲುತ್ತದೆ, ಆದರೆ ಬೆವರಿದರೆ ಜಾರುತ್ತದೆ. ಕಡಗೋಲು ತೀರ ಸಣ್ಣದು. ಕುಟ್ಟಾಣಿಯ ಗುಂಡು ತೀರ ದಪ್ಪ. ಹೊಸ್ತಿಲಲ್ಲಿ ಕುಳಿತವರಿಗೆ ಒಂದೊಂದೇ ಸಾಮಾನು ಕೊಟ್ಟು "ಸ್ವಲ್ಪ ಹಿಡೀರಿ" ಅನ್ನುತ್ತಿದ್ದೆ. ಅವರು ಹಿಡಿಯುತ್ತಿದ್ದರು. ತಮ್ಮನ್ನು ಕೊನೆಗೂ ಅಡುಗೆಗೆ ಹಚ್ಚಿದ್ದೇನೆ ಎಂದು ತಿಳಿದಿರಬೇಕು.

ಉತ್ತರ ಸಿಕ್ಕಿದ್ದು ಗೋವಿನಜೋಳದ ತೆನೆಯಲ್ಲಿ. ಹಸಿ ತೆನೆಯ ದಿನಗಳು. ಕೆಂಡದ ಮೇಲೆ ಸುಟ್ಟು, ಉಪ್ಪು-ಖಾರ ಸವರಿ ಕೊಟ್ಟಿದ್ದೆ. ಕಟ್ಟೆಯ ಮೇಲೆ ಕುಳಿತು ತಿನ್ನುತ್ತಿದ್ದರು, ಬಲಗೈಯಲ್ಲಿ. ನಾಲ್ಕು ಬೆರಳು, ಅಂಗೈ ಸೇರಿ ತೆನೆಯನ್ನು ಗಟ್ಟಿಯಾಗಿ ಹಿಡಿದಿದ್ದವು. ಹೆಬ್ಬೆರಳು ಬದಿಯಲ್ಲಿ ಕಾವಲು ನಿಂತಂತೆ ನೆಟ್ಟಗೆ ನಿಂತಿತ್ತು, ಕೆಲಸವಿಲ್ಲದೆ. ತಿರುಗಿಸಿ ತಿರುಗಿಸಿ ತಿಂದರು. ಒಮ್ಮೆಯೂ ಬೀಳಲಿಲ್ಲ. ಜೋರಾಗಿ ಕಚ್ಚಿ ಎಳೆದರೂ ಕೈ ಬಿಡಲಿಲ್ಲ. ತಿಂದು ಎಸೆದ ಬರೀ ತೆನೆಯನ್ನು ನಾನು ಹೋಗಿ ಎತ್ತಿಕೊಂಡು ಬಂದೆ.

"ಅದನ್ಯಾಕ ಎತ್ತಾಕತ್ತಿ? ಆಡಿಗೆ ಹಾಕು."

"ಬೇಕು, ಇರಲಿ."

ತೊಳೆದು, ಬಿಸಿಲಿಗೆ ಒಣಗಿಸಿ, ಕೈಚೀಲದಲ್ಲಿ ಹಾಕಿಕೊಂಡೆ. ಜೊತೆಗೆ ಆಡಿನ ಹಗ್ಗದ ಒಂದು ತುಂಡು.

ವಿಜಯಪುರದ ಹಳೇ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಚಾಕು, ಕತ್ತರಿ, ಈಳಿಗೆ ಮಾರುವ ಅಂಗಡಿ ಇದೆ. ಬಸ್ಸಿನಿಂದಿಳಿದು ಅಲ್ಲಿಗೆ ಹೋದೆ. ಅಂಗಡಿಯವರು ವಯಸ್ಸಾದವರು, ಕನ್ನಡಕ ಹಣೆಯ ಮೇಲಿತ್ತು. ಮಡಚದ ಚಾಕು ತೋರಿಸಿರಿ ಅಂದೆ. ಮಾಂಸ ಕಡಿಯುವ ಖಾಟಿಕರ ಚಾಕು, ಹೋಟೆಲಿನ ಚಾಕು, ಎಳನೀರಿನ ಕತ್ತಿ ಎಲ್ಲ ತೆಗೆದು ಗಾಜಿನ ಮೇಲೆ ಹರವಿದರು. ನಾನು ಚೀಲದಿಂದ ತೆನೆ ತೆಗೆದೆ.

"ಬೀಜದ ಅಂಗಡಿ ಆಚಿ ಗಲ್ಲಿರಿ, ಅಕ್ಕಾರ."

"ಬೀಜ ಅಲ್ರಿ. ಇಷ್ಟ ದಪ್ಪ ಹಿಡಿಕಿ ಬೇಕು."

ಅವರು ಕನ್ನಡಕ ಇಳಿಸಿ ತೆನೆ ನೋಡಿದರು, ನನ್ನನ್ನು ನೋಡಿದರು. ನಾನು ಎಡಗೈಯಲ್ಲಿ ತೆನೆ, ಬಲಗೈಯಲ್ಲಿ ಒಂದೊಂದೇ ಚಾಕು ಹಿಡಿದು, ಹೆಬ್ಬೆರಳು ನೆಟ್ಟಗೆ ಮಾಡಿ, ಕಣ್ಣು ಮುಚ್ಚಿ ತೂಗಿ ನೋಡತೊಡಗಿದೆ. ಕಣ್ಣು ತೆರೆದಾಗ ಗಲ್ಲಿಯಲ್ಲಿ ಇಬ್ಬರು ನಿಂತಿದ್ದರು.

"ಎಲ್ಲಾರೂ ಅಲಗು ನೋಡಿ ತೊಗೋತಾರ್ರಿ. ಹಿಡಿಕಿ ನೋಡಿ ಯಾರ ತೊಗೋತಾರ?"

"ಅಲಗು ಹಗ್ಗದ ಕಡೆ ಇರ್ತೈತ್ರಿ. ನಮ್ಮ ಕಡೆ ಇರೂದು ಹಿಡಿಕಿ."

"ಅದೂ ಖರೆ ಬಿಡ್ರಿ" ಅಂದರು. ಆದರೆ ಒಪ್ಪಿದ ದನಿ ಅಲ್ಲ, ಗಿರಾಕಿಗೆ ಅನ್ನುವ ದನಿ.

ತೆನೆಗೆ ಹೊಂದುವ ಹಿಡಿಕೆ ಒಂದೂ ಇರಲಿಲ್ಲ. ಚಾಕು ಮಾಡುವವರೆಲ್ಲ ಎಲ್ಲರಿಗೂ ಹೆಬ್ಬೆರಳು ಮಡಚುತ್ತದೆ ಎಂದೇ ತಿಳಿದಿದ್ದಾರೆ. ಕೊನೆಗೆ ನಾನು ಅಲಗನ್ನು ಮಾತ್ರ ಇಲ್ಲಿ ತೆಗೆದುಕೊಂಡು ಹಿಡಿಕೆ ಬೇರೆ ಕಡೆ ಮಾಡಿಸುವುದೆಂದು ನಿಶ್ಚಯಿಸಿದೆ. ಅಂಗೈಯುದ್ದದ ನೇರ ಅಲಗು, ಬೆನ್ನು ದಪ್ಪ, ಹಲ್ಲಿಲ್ಲ, ಉಕ್ಕು ಹಿಡಿಕೆಯ ಕೊನೆಯವರೆಗೂ ಒಂದೇ ತುಂಡು. ಅಂಥದ್ದೊಂದು ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿತ್ತು. ಹಗ್ಗದ ತುಂಡನ್ನು ಅಂಗಡಿಯವರ ಕೈಗೆ ಕೊಟ್ಟು ಬಿಗಿಯಾಗಿ ಹಿಡಿಯಿರಿ ಅಂದೆ. ಒಂದೇ ಎಳೆತಕ್ಕೆ ಹರಿಯಿತು. ಅವರು ಕೈ ಹಿಂದೆಳೆದುಕೊಂಡು ಬೆರಳು ನೋಡಿಕೊಂಡರು.

"ಇದನ್ನ ಕೊಡ್ರಿ. ಆದ್ರ ತುದಿ ಸ್ವಲ್ಪ ಮೊಂಡ ಮಾಡಿಕೊಡ್ರಿ."

"ಏನ್ ಮಾಡ್ಲಿ?"

"ಮೊಂಡ. ಹಗ್ಗದ ಕೆಳಗ ತೂರಸಬೇಕಾದ್ರ ಆಡಿನ ಕೊಳ್ಳಿಗೆ ಚುಚ್ಚಬಾರ್ದು."

ಅವರು ಕನ್ನಡಕವನ್ನು ಮತ್ತೆ ಹಣೆಗೇರಿಸಿದರು. "ನಮ್ಮಪ್ಪನ ಕಾಲದಿಂದ ಇಲ್ಲಿ ಕುಂತೀನ್ರಿ. ಚೂಪ ಮಾಡ್ರಿ ಅಂತ ಬರ್ತಾರ. ಮೊಂಡ ಮಾಡ್ರಿ ಅಂದಾವ್ರು ನೀವ ಒಬ್ರು." ಸಾಣೆಗೆ ಹಿಡಿದು ತುದಿ ದುಂಡಗೆ ಮಾಡಿಕೊಟ್ಟರು. ಮಾಡುವಾಗ ಮುಖ ಕಹಿ ಔಷಧ ಕುಡಿದಂತಿತ್ತು.

ಹಿಡಿಕೆಗೆ ಬಬಲೇಶ್ವರಕ್ಕೆ ಹೋದೆ. ಅದು ನನ್ನ ತವರು. ಅಲ್ಲಿ ಸಂತೆಯ ದಿನ ಕೊಡಲಿ, ಸಲಿಕೆಗಳಿಗೆ ಕಟ್ಟಿಗೆಯ ಕಾವು ಹಾಕಿಕೊಡುವ ಬಡಿಗರೊಬ್ಬರಿದ್ದಾರೆ. ನಾನು ಲಂಗ ಉಡುವಾಗಿನಿಂದ ಅವರನ್ನು ಮಾವಾ ಎಂದೇ ಕರೆಯುವುದು. ಚಾಕು, ತೆನೆ ಎರಡನ್ನೂ ಅವರ ಮುಂದಿಟ್ಟು ಜಾಲಿ ಕಟ್ಟಿಗೆಯಲ್ಲಿ ಇದರಷ್ಟೇ ದಪ್ಪ ಮಾಡಿರಿ ಎಂದು ಹೇಳಿ ಸಂತೆಗೆ ಹೋದೆ. ಅವರು ಯಾಕೆ ಎಂದು ಕೇಳಲಿಲ್ಲ. ಬದನೆಕಾಯಿ, ಮೆಂತ್ಯಪಲ್ಯ ತೆಗೆದುಕೊಂಡು ಮರಳಿ ಬರುವಷ್ಟರಲ್ಲಿ ಮುಗಿಸಿದ್ದರು. ದಪ್ಪ ತೆನೆಯಷ್ಟೇ, ನಡುವೆ ತೆನೆಯ ಹಾಗೆಯೇ ತುಸು ಉಬ್ಬು. ಬರೀ ಅಷ್ಟೇ ಅಲ್ಲ, ಉಜ್ಜಿ ಉಜ್ಜಿ ಮೇಲೆ ಪಾಲಿಶ್ ಹಚ್ಚಿಬಿಟ್ಟಿದ್ದರು.

"ನೋಡವ್ವಾ ತಂಗಿ, ಮಕಾ ಕಾಣತೈತಿ ಅದರಾಗ."

ಕಾಣುತ್ತಿತ್ತು. ಹಿಡಿದೆ. ಎಣ್ಣೆ ಹಚ್ಚಿದ ಮೀನಿನಂತೆ ಜಾರಿತು.

"ಮಾವಾ, ಜಾರತೈತಿ."

"ಜಾರತೈತಿ, ಖರೆ. ಆದ್ರ ಚಂದ ಎಷ್ಟ ಆಗೈತಿ ನೋಡು."

"ಚಂದ ಬ್ಯಾಡ ಮಾವಾ. ಒರಟ ಮಾಡಿಕೊಡ್ರಿ. ತೆನಿ ಹೆಂಗ ಐತಿ ಹಂಗ, ಗೀರ ಗೀರ."

"ಯವ್ವಾ, ನನ್ನ ಕೈಲೆ ಆಗೂದಿಲ್ಲ. ಬೇಕಾದ್ರ ನೀನ ಮಾಡ್ಕೋ. ಗರಗಸ ಅಲ್ಲೈತಿ. ನಾ ಆ ಕಡೆ ನೋಡ್ತೀನಿ."

ನಿಜವಾಗಿಯೂ ಆ ಕಡೆ ತಿರುಗಿ ಕುಳಿತರು. ನಾನು ಸಣ್ಣ ಗರಗಸದಿಂದ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಗೀರು ಎಳೆದೆ. ಪ್ರತಿ ಗೀರಿಗೂ ಅವರ ಭುಜ ಒಮ್ಮೆ ಮೇಲೆದ್ದು ಇಳಿಯುತ್ತಿತ್ತು. ಮುಗಿಸಿ ತೋರಿಸಿದೆ. "ನಾ ಮಾಡಿದ್ದು ಅಂತ ಯಾರಿಗೂ ಹೇಳಬ್ಯಾಡ" ಅಂದರು. ತೆನೆಯನ್ನು ಅಲ್ಲೇ ಮರೆತು ಬಂದೆ. ಅದರ ಕೆಲಸ ಮುಗಿದಿತ್ತು.

ಒರೆಯನ್ನು ಮೈದುನ ಮಾಡಿಕೊಟ್ಟ. ಬೋರಿನ ಪೈಪಿನ ತುಂಡನ್ನು ಸ್ಟೋವಿನ ಮೇಲೆ ಕಾಯಿಸಿ, ಮೆತ್ತಗಾದಾಗ ಚಾಕುವಿನ ಸುತ್ತ ಒತ್ತಿ, ಆರುವವರೆಗೆ ಅದರ ಮೇಲೆ ತಾನೇ ಕುಳಿತ. ಚಾಕು ಟಕ್ ಎಂದು ಕೂರುತ್ತಿತ್ತು, ಎಳೆದರೆ ಬರುತ್ತಿತ್ತು, ಬೋರಲು ಹಾಕಿದರೆ ಬೀಳುತ್ತಿರಲಿಲ್ಲ. ಎಡ ಸೊಂಟಕ್ಕೆ ಕಟ್ಟುವಂತೆ ತೂತು ಹಾಕಿಸಿದೆ. ನಮ್ಮ ಮನೆಯವರ ಬಲಗೈ ಸುಮ್ಮನಿದ್ದಾಗ ಎಡ ಸೊಂಟ ತುರಿಸುತ್ತಿರುತ್ತದೆ.

ನಮ್ಮಲ್ಲಿ ಉಪ್ಪು, ಚಾಕು, ಕತ್ತರಿ ಇಂಥವನ್ನು ಕೈಯಿಂದ ಕೈಗೆ ಕೊಡುವುದಿಲ್ಲ, ಕೊಟ್ಟರೆ ಇಬ್ಬರಿಗೂ ಜಗಳ ಬೀಳುತ್ತದೆ. ಕೊಡುವವರು ನೆಲಕ್ಕಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಹಾಗೆ ನಾನು ಹೊಸ ಚಾಕುವನ್ನು ಒರೆಯ ಸಮೇತ ಅವರ ಮುಂದೆ ನೆಲದ ಮೇಲಿಟ್ಟೆ.

"ಏನಿದು?"

"ನಿಮಗ. ಮಡಚೂದಿಲ್ಲ, ತೆರಿಯೂದಿಲ್ಲ. ಎಳದ್ರ ಆತು."

"ಆಡ ಹೊಂಟಾವು. ಇದನ್ನ ತೊಗೊಂಡು ಏನ್ ಕೊಯ್ಲಿ, ನಿನ್ನ ರೊಟ್ಟಿ?"

ಎತ್ತಿಕೊಳ್ಳಲಿಲ್ಲ. ನಾನೂ ಎತ್ತಲಿಲ್ಲ. ಚಾಕು ಅಡುಗೆಮನೆಯ ನಡುವೆ ಬಿದ್ದಿತ್ತು. ನಾನು ಅದರ ಸುತ್ತ ಕಸ ಗುಡಿಸಿದೆ, ಅದರ ಸುತ್ತ ನೆಲ ಒರೆಸಿದೆ. ಅವರು ಅದನ್ನು ದಾಟಿ ಓಡಾಡಿದರು. ಬೆಕ್ಕು ಒಂದು ಸಲ ಮೂಸಿ ನೋಡಿತು. ಮನೆಯಲ್ಲಿ ಒಬ್ಬರು ಬಗ್ಗಬೇಕು. ಅದು ನಾನಾಗುವುದು ರೂಢಿ. ಮೂರನೆಯ ದಿನವೋ ನಾಲ್ಕನೆಯ ದಿನವೋ ಎತ್ತಿ ಶೆಲ್ಫಿನ ಮೇಲಿಟ್ಟೆ, ಎತ್ತರದ ಪ್ರಕಾರ.

ಇಷ್ಟರಲ್ಲಿ ದಸರಾ ಬಂತು. ಖಂಡೇಪೂಜೆಯ ದಿನ ಮನೆಯ ಕಬ್ಬಿಣದ ಹತ್ಯಾರಗಳನ್ನೆಲ್ಲ ತೊಳೆದು ದೇವರ ಮುಂದೆ ಇಟ್ಟು ಪೂಜೆ ಮಾಡುತ್ತೇವೆ. ಮರುದಿನ ಬನ್ನಿ ಹಂಚುವವರೆಗೆ ಅವನ್ನು ಮುಟ್ಟುವಂತಿಲ್ಲ. ಆ ಒಂದು ದಿನ ಅವಕ್ಕೂ ವಿಶ್ರಾಂತಿ. ಹಿಂದಿನ ರಾತ್ರಿಯೇ ನಾನು ಕಾಯಿಪಲ್ಯ ಹೆಚ್ಚಿಟ್ಟಿದ್ದೆ. ಕುಡಗೋಲು, ಕೊಡಲಿ, ಕುರ್ಪಿ, ಈಳಿಗೆ, ದ್ರಾಕ್ಷಿಬಳ್ಳಿ ಸವರುವ ಕತ್ತರಿ, ಅಡುಗೆಮನೆಯ ಚಾಕು ಎಲ್ಲ ಸಾಲಾಗಿ ಮಲಗಿದವು. ಹಳೇ ಮಡಚುವ ಚಾಕುವನ್ನೂ ಅವರು ಪ್ರತಿ ವರ್ಷದಂತೆ ಬಿಚ್ಚಿ ಇಟ್ಟರು. ಬಿಚ್ಚಿಕೊಟ್ಟದ್ದು ನಾನು. ಆಮೇಲೆ ಶೆಲ್ಫಿನ ಕಡೆ ಗದ್ದ ಎತ್ತಿ ತೋರಿಸಿದರು.

"ಅದನ್ನೂ ತಾ. ಕಬ್ಬಿಣ ಅಂದ ಮ್ಯಾಲ ಪೂಜಿ ಆಗಬೇಕು."

ತಂದು ನೆಲಕ್ಕಿಟ್ಟೆ. ಒರೆಯಿಂದ ಹೊರಗೆಳೆದು, ವಿಭೂತಿ ಎಳೆದು, ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು ಸಾಲಿನ ಕೊನೆಗೆ ಮಲಗಿಸಿದರು. ತುರ್ತಿಗೆಂದು ತಿಂಗಳುಗಟ್ಟಲೆ ಅಲೆದು ತಂದ ಚಾಕುವಿಗೆ ಮೊದಲು ಸಿಕ್ಕಿದ್ದು ರಜೆ. ಹಬ್ಬದ ದಿನ ಆಡುಗಳಿಗೆ ತುರ್ತು ಬರಬಹುದು ಎಂದು ನಮಗಿಬ್ಬರಿಗೂ ಹೊಳೆಯಲಿಲ್ಲ. ಮನೆಯಲ್ಲಿ ಹರಿತವಾದದ್ದು ಏನಿತ್ತೋ ಅದೆಲ್ಲವೂ ಹೂ ಮುಡಿದು ಮಲಗಿತ್ತು.

ಹೋಳಿಗೆ ಉಂಡಿದ್ದೆವು. ಅವರು ಕಟ್ಟೆಯ ಮೇಲೆ ಒರಗಿದ್ದರು, ನಾನು ಪಾತ್ರೆ ತೊಳೆಯುತ್ತಿದ್ದೆ. ಸತ್ತ ಕರಿಕಿವಿಯ ಮರಿ, ಈಗ ಅರ್ಧ ಬೆಳೆದದ್ದು, ಬೇವಿನ ಗಿಡದ ಸುತ್ತ ತಿರುಗಿ ತಿರುಗಿ ಹಗ್ಗ ಗಿಡ್ಡ ಮಾಡಿಕೊಂಡಿತ್ತು. ಹಾಗೆಯೇ ಪಕ್ಕದ ಮೋಟುಗೋಡೆ ಹತ್ತಿ ಆಚೆ ಹಾರಿತು. ಹಗ್ಗ ಸಾಲಲಿಲ್ಲ. ಗೋಡೆಯ ಆಚೆಗೆ ಜೋತುಬಿತ್ತು. ಉಳಿದ ಆಡುಗಳು ಒಮ್ಮೆಲೇ ಕೂಗಿದವು.

ಅವರು ಎದ್ದದ್ದು ನಾನು ನೋಡಲಿಲ್ಲ. ನೋಡಿದಾಗ ದೇವರ ಮನೆಯಿಂದ ಹೊರಗೆ ಓಡುತ್ತಿದ್ದರು, ಕೈಯಲ್ಲಿ ಹಳೇ ಚಾಕು. ಅದು ಬಿಚ್ಚೇ ಇತ್ತಲ್ಲ. ಕೈಗೆ ಅದೇ ಗುರುತು. ಗೋಡೆ ಸುತ್ತಿ ಹೋಗಿ ಎಡತೋಳಿನಿಂದ ಮರಿಯನ್ನು ಎತ್ತಿ ಹಿಡಿದರು. ಕೊರಳಿಗೆ ಬಿಗಿದ ಕುಣಿಕೆ ಸಡಿಲಾಗಲಿಲ್ಲ. ಬಲಗೈಯಿಂದ ಹಗ್ಗಕ್ಕೆ ಚಾಕು ಒತ್ತಿದರು. ಆ ಸಣ್ಣ ಹಿಡಿಕೆ ಅಂಗೈಯೊಳಗೆ ತಿರುಗಿತು. ಇನ್ನೊಮ್ಮೆ ಒತ್ತಿದರು. ಚಾಕು ಹಾರಿ ಕಲ್ಲುಗಳ ಸಂದಿಗೆ ಹೋಯಿತು.

"ಚಾಕು!" ಅಂದರು. ಯಾವ ಚಾಕು ಎಂದು ಹೇಳಲಿಲ್ಲ.

ನಾನು ಒಳಗೆ ಓಡಿ ಹೊಸದನ್ನು ಎತ್ತಿಕೊಂಡು ಓಡಿ ಬಂದೆ. ಚೆಂಡುಹೂ ದಾರಿಯಲ್ಲೆಲ್ಲೋ ಬಿತ್ತು. ಮರಿಯ ನಾಲಿಗೆ ಹೊರಗೆ ಬಂದಿತ್ತು, ಕಾಲು ಒದೆಯುವುದು ಕಡಿಮೆಯಾಗಿತ್ತು. ಅವರು ಬಲಗೈ ಚಾಚಿದರು. ನಾನು ಬಗ್ಗಿ ಚಾಕುವನ್ನು ನೆಲದ ಮೇಲಿಟ್ಟೆ.

ಯಾಕೆ ಹಾಗೆ ಮಾಡಿದೆ ಎಂದು ಈಗಲೂ ಕೇಳುತ್ತಾರೆ. ಬುದ್ಧಿ ಬಂದಾಗಿನಿಂದ ಹಾಗೆಯೇ ಮಾಡಿದ್ದೇನೆ, ಅದಕ್ಕೇ ಮಾಡಿದೆ.

ಅವರು ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಮರಿಯನ್ನು ತೋಳಲ್ಲಿ ಹಿಡಿದೇ ಬಗ್ಗಿದರು. ನಾಲ್ಕು ಬೆರಳು ಜಾಲಿಯ ಹಿಡಿಕೆಯ ಸುತ್ತ ಮುಚ್ಚಿಕೊಂಡವು. ಹೆಬ್ಬೆರಳು ಬದಿಗೆ ನೆಟ್ಟಗೆ ನಿಂತಿತು. ಮೊಂಡ ತುದಿ ಹಗ್ಗದ ಕೆಳಗೆ ತೂರಿತು, ಅಲಗು ಹೊರಕ್ಕೆ ತಿರುಗಿತು, ಒಂದೇ ಸಲ ಎಳೆದರು. ಹಗ್ಗ ಹರಿಯಿತು. ಮರಿ ಅವರ ಎದೆಯ ಮೇಲೆ ಬಿತ್ತು, ಅವರು ಕುಂಡೆಯ ಮೇಲೆ ಬಿದ್ದರು.

ಸ್ವಲ್ಪ ಹೊತ್ತು ಮೂವರೂ ಉಸಿರಾಡಿದೆವು. ಮರಿ ಒಮ್ಮೆ ಸೀನಿತು.

"ಕೈಯಾಗ ಕೊಟ್ಟಿದ್ರ ಏನಾಗ್ತಿತ್ತು?"

"ಜಗಳ ಆಗ್ತಿತ್ತು."

"ಈಗೇನ್ ಆಗಾಕತ್ತೈತಿ?"

ಮುಂದೆ ಬಹಳ ಹೊತ್ತು ಬೈದರು. ಜೀವ ಹೊಂಟಾಗ ಶಾಸ್ತ್ರ ನೋಡತಾಳ ಅಂದರು, ನಿಮ್ಮ ಬಬಲೇಶ್ವರದವರೆಲ್ಲ ಹಿಂಗ ಅಂದರು, ಹಗ್ಗ ಹೊಸದಿತ್ತು, ಹರೀತು ಅಂದರು. ಬೈಯುವಾಗೆಲ್ಲ ಕೈ ಬೀಸುತ್ತಿದ್ದರು. ಆ ಕೈಯಲ್ಲಿ ಚಾಕು ಹಾಗೆಯೇ ಇತ್ತು. ನಾನು ಬೈಗುಳಕ್ಕಿಂತ ಅದನ್ನೇ ನೋಡುತ್ತಿದ್ದೆ. ಒಮ್ಮೆಯೂ ಬೀಳಲಿಲ್ಲ.

ಪೂಜೆಗಿಟ್ಟದ್ದನ್ನು ಎತ್ತಿದ್ದಕ್ಕೆ ದೇವರಿಗೆ ತಪ್ಪಾಯಿತೆಂದು ಒಂದು ತೆಂಗಿನಕಾಯಿ ಒಡೆದರು, ಕಲ್ಲಿಗೆ. ಚಾಕು ತೊಳೆದು, ಮತ್ತೆ ಕುಂಕುಮ ಹಚ್ಚಿ, ಸಾಲಿನಲ್ಲಿ ಇಟ್ಟರು. ಕೊನೆಗಲ್ಲ, ಮೊದಲಿಗೆ. ಹಳೇದನ್ನು ಕಲ್ಲಿನ ಸಂದಿಯಿಂದ ಹುಡುಕಿ ತಂದು, ಒರೆಸಿ, ನನ್ನ ಮುಂದೆ ನೆಲಕ್ಕಿಟ್ಟು, "ಮಡಚಿಕೊಡು" ಅಂದರು. ಮಡಚಿಕೊಟ್ಟೆ. ಅದು ಈಗ ದೇವರ ಮನೆಯ ಗೂಡಿನಲ್ಲಿದೆ.

ಮರುದಿನ ಸಂಜೆ ಬನ್ನಿ ಕೊಟ್ಟುಕೊಂಡೆವು. ಎಲ್ಲರ ಮನೆಗೂ ಹೋಗಿ ಬಂದೆವು. ಚಾಕುವಿನ ಮಾತು ಅವರೂ ಎತ್ತಲಿಲ್ಲ, ಆಡಿನ ಮಾತು ನಾನೂ ಎತ್ತಲಿಲ್ಲ.

ಅದರ ಮರುದಿನ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಹೊಸ್ತಿಲು ಖಾಲಿ ಇತ್ತು. ಹೊರಗೆ ಆಡುಗಳ ಸದ್ದು. ಇಣುಕಿದೆ. ಒರೆಯ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎಡ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು. ಬಹಳ ಹೊತ್ತು ಹಿಡಿಯಿತು. ನಾನು ಸಹಾಯಕ್ಕೆ ಹೋಗಲಿಲ್ಲ, ರೊಟ್ಟಿ ಹತ್ತುತ್ತಿತ್ತು.

"ಬುತ್ತಿ ಕಟ್ಟು" ಅಂದರು. "ಉಳ್ಳಾಗಡ್ಡಿ ಇಡಿಯಾದ್ದ ಇಡು. ಹೆಚ್ಚಬ್ಯಾಡ."

ಮಧ್ಯಾಹ್ನ ವ್ಯಾಪಾರಿ ಬಂದ. ಬೇವಿನ ಗಿಡದ ಕೆಳಗೆ ನೋಡಿದ, ಖಾಲಿ ಗೂಟ ನೋಡಿದ.

"ಅಕ್ಕಾರ, ಆಡು ಒಯ್ಯಾಕ ಬಂದಿದ್ನಿ."

"ಆಡು ಅಡವಿಗೆ ಹೋಗ್ಯಾವು."

"ಕಾಕಾರು?"

"ಅವರೂ ಹೋಗ್ಯಾರ."

"ಮತ್ತ ಅವರ ಫೋನ್ ಮಾಡಿದ್ರಲ್ರಿ, ಮಾರ್ತೀನಿ ಅಂತ?"

"ಮಾಡಿದ್ರು. ಚಹಾ ಕುಡೀತೀರಿ?"

ಅವನು ಚಹಾ ಕುಡಿದ, ಉಳಿದಿದ್ದ ಎರಡು ಹೋಳಿಗೆ ತಿಂದ, ತುಪ್ಪ ಇನ್ನಷ್ಟು ಹಾಕಿಸಿಕೊಂಡ. "ದೀಪಾವಳಿಗೆ ಬಂದು ನೋಡ್ಲ್ಯಾ?" ಅಂದ. "ಬರ್ರಿ, ಕರ್ಚಿಕಾಯಿ ಮಾಡಿರ್ತೀನಿ" ಅಂದೆ. ಹೋದ.

ನಾನು ಒಳಗೆ ಬಂದು ಶೆಲ್ಫಿನ ಡಬ್ಬಿಗಳನ್ನೆಲ್ಲ ಇಳಿಸಿ ಮೊದಲಿನಂತೆ ಇಟ್ಟುಕೊಂಡೆ. ಜೀರಿಗೆಯ ಡಬ್ಬಿಯನ್ನು ಮಾತ್ರ ಅವರು ಇಟ್ಟಲ್ಲೇ ಬಿಟ್ಟೆ. ಅಲ್ಲಿ ಕೈಗೆ ಬೇಗ ಸಿಗುತ್ತದೆ.